ಸೀಟಿಯ ಜೊತೆ ಒಂದು ಕೆಂಪು ಪೌಚ್

ಜೂನ್ ತಿಂಗಳಲ್ಲಿ ಪೋಷಕರು ತುಂಬಿಸಿ ಕೊಡುವ ಫಾರ್ಮಿನಲ್ಲಿ ‘ಮಗುವಿಗೆ ಯಾವುದಾದರೂ ಅಲರ್ಜಿ ಇದೆಯೇ?’ ಅಂತ ಒಂದು ಸಾಲು ಇರುತ್ತದೆ. ಹೆಚ್ಚಿನವರು ಅಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತಾರೆ. ಕೆಲವರು ‘ಧೂಳು’ ಅಂತ ಬರೆಯುತ್ತಾರೆ. ಒಬ್ಬರು ‘ಬದನೆ, ಎಟ್ಟಿ, ಮಳೆಯಲ್ಲಿ ನೆನೆದರೆ ಶೀತ’ ಅಂತ ಬರೆದಿದ್ದರು. ಎಟ್ಟಿ ಅಂದರೆ ಸಿಗಡಿ. ಇನ್ನೊಬ್ಬ ಅಪ್ಪ ‘ಗಣಿತ’ ಅಂತ ಬರೆದಿದ್ದರು. ನಗು ಬಂತು. ಆದರೆ ಆ ಸಾಲನ್ನು ಪೋಷಕರೂ ಸರಿಯಾಗಿ ಓದುವುದಿಲ್ಲ, ನಾವೂ ಓದುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಾನು ಮಲ್ಪೆ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ಕಬಡ್ಡಿ, ಥ್ರೋಬಾಲ್, ಮಾರ್ಚ್‌ಪಾಸ್ಟ್ ಜೊತೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ನಮ್ಮ ತಲೆಗೇ ಬರುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಅದು ಹಾಗೇ. ಮೊಣಕಾಲು ಕೆತ್ತಿದರೆ ಪಿ.ಟಿ. ಸರ್, ಮೂಗಲ್ಲಿ ರಕ್ತ ಬಂದರೆ ಪಿ.ಟಿ. ಸರ್. ಊಟದ ಅಲರ್ಜಿ ಕೂಡ ನನ್ನದೇ ಕೆಲಸ ಅಂತ ಗೊತ್ತಾದದ್ದು ಒಬ್ಬ ಕಬಡ್ಡಿ ಹುಡುಗನಿಂದ.

ಎಂಟನೇ ಕ್ಲಾಸು, ಒಳ್ಳೆ ರೈಡರ್. ಜುಲೈ ತಿಂಗಳು, ಟ್ರಾಲಿಂಗ್ ಬೋಟುಗಳು ಬಂದರಿನಲ್ಲಿ ಕಟ್ಟಿರುವ ಕಾಲ. ಆದರೆ ನಾಡದೋಣಿಯವರಿಗೆ ಎಟ್ಟಿ ಬಿದ್ದಿತ್ತು. ಹುಡುಗ ಬೆಳಿಗ್ಗೆ ಮನೆಯಲ್ಲಿ ನೀರುದೋಸೆ ಜೊತೆ ಎಟ್ಟಿ ಸುಕ್ಕ ತಿಂದು ಬಂದಿದ್ದ. ಮಳೆ ಸ್ವಲ್ಪ ಬಿಟ್ಟಿತ್ತು ಅಂತ ಮೊದಲ ಪಿರಿಯಡ್ಡಿಗೇ ಟೀಮನ್ನು ಮೈದಾನಕ್ಕೆ ಇಳಿಸಿದ್ದೆ. ವಾರ್ಮಪ್ ಮುಗಿಯುವಾಗ ಕುತ್ತಿಗೆ ತುರಿಸಿಕೊಳ್ಳುತ್ತಿದ್ದ. ಬರುಬರುತ್ತಾ ಎದೆ, ಹೊಟ್ಟೆ, ಕೈಯೆಲ್ಲ ದದ್ದು ಎದ್ದಿತು. ‘ಪಿತ್ತ ಎದ್ದದ್ದು ಸರ್, ಪುನರ್ಪುಳಿ ಶರಬತ್ತು ಕೊಟ್ರೆ ಸರಿಯಾಗ್ತದೆ’ ಅಂತ ಒಬ್ಬ ಟೀಚರ್ ಹೇಳಿದರು. ನಮ್ಮ ಕಡೆ ಮೈಯಲ್ಲಿ ಗಂಧೆ ಎದ್ದರೆ ಮೊದಲು ನೆನಪಾಗುವುದೇ ಪುನರ್ಪುಳಿ. ಶರಬತ್ತು ಬರುವಷ್ಟರಲ್ಲಿ ಹುಡುಗನಿಗೆ ಕೆಮ್ಮು ಶುರುವಾಗಿತ್ತು. ಧ್ವನಿ ಬದಲಾಗಿತ್ತು. ‘ಸರ್, ಗಂಟಲಲ್ಲಿ ಎಂತದೋ ಸಿಕ್ಕಿಕೊಂಡ ಹಾಗೆ ಆಗ್ತದೆ’ ಅಂದ.

ಗೇಟಿನ ಹತ್ತಿರ ನಿಂತಿದ್ದ ರಿಕ್ಷಾದಲ್ಲಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಒಂದು ನೋಟ ನೋಡಿ ತೊಡೆಯ ಹೊರಬದಿಗೆ ಇಂಜೆಕ್ಷನ್ ಚುಚ್ಚಿದರು. ಅಡ್ರಿನಲಿನ್. ಕೆಲವೇ ನಿಮಿಷದಲ್ಲಿ ಕೆಮ್ಮು ತಗ್ಗಿತು, ಮುಖಕ್ಕೆ ಬಣ್ಣ ಬಂತು. ಮನೆಗೆ ಕರಕೊಂಡು ಹೋಗಬಹುದಾ ಅಂತ ಅವನ ಅಮ್ಮ ಕೇಳಿದರೆ, ‘ಇಲ್ಲ, ಕೆಲವು ಗಂಟೆ ಇಲ್ಲೇ ಇರಲಿ’ ಅಂದರು. ಕಡಿಮೆಯಾದದ್ದು ಗಂಟೆಗಳ ನಂತರ ಇನ್ನೊಮ್ಮೆ ಏಳುವುದುಂಟಂತೆ.

ನನಗೆ ಅರ್ಥವಾಗದ್ದು ಒಂದೇ. ಇವನು ಹುಟ್ಟಿದಾಗಿನಿಂದ ಎಟ್ಟಿ ತಿಂದು ಬೆಳೆದ ಹುಡುಗ. ಹಿಂದಿನ ಆದಿತ್ಯವಾರವೂ ತಿಂದಿದ್ದ, ಎಂತದೂ ಆಗಲಿಲ್ಲ. ಮಣಿಪಾಲದಲ್ಲಿ ತೋರಿಸಿದಾಗ ಅಲ್ಲಿನ ಡಾಕ್ಟರ್ ‘ಏನು ತಿಂದೆ’ ಎನ್ನುವುದರ ಜೊತೆಗೆ ‘ತಿಂದ ಮೇಲೆ ಏನು ಮಾಡಿದೆ’ ಅಂತಲೂ ಕೇಳಿದರಂತೆ. ಕೆಲವರಿಗೆ ಸಿಗಡಿ ಅಥವಾ ಗೋಧಿ ತಿಂದು ಸುಮ್ನೆ ಕೂತರೆ ಏನೂ ಆಗುವುದಿಲ್ಲ. ತಿಂದ ಕೆಲವು ಗಂಟೆಯೊಳಗೆ ಓಡಿದರೆ, ಆಡಿದರೆ ಮಾತ್ರ ರಿಯಾಕ್ಷನ್ ಬರುತ್ತದೆ. ಅದರ ಮೇಲೆ ನೋವಿನ ಮಾತ್ರೆ ನುಂಗಿದ್ದರೆ ಇನ್ನೂ ಸುಲಭವಾಗಿ ಬರುತ್ತದೆ. ಇಷ್ಟು ವರ್ಷ ಮಕ್ಕಳನ್ನು ಓಡಿಸಿದ್ದೇನೆ, ಹೊಟ್ಟೆ ತುಂಬ ತಿಂದು ಓಡಿದರೆ ಪಕ್ಕೆ ಹಿಡಿಯುತ್ತದೆ ಎನ್ನುವುದಕ್ಕಿಂತ ಹೆಚ್ಚಿನದು ನಮಗೆ ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

ಹುಡುಗ ವಾಪಸ್ ಬಂದು ಕೇಳಿದ ಮೊದಲ ಪ್ರಶ್ನೆ: ‘ಸರ್, ಕಬಡ್ಡಿ ಬಿಡಬೇಕಾ, ಎಟ್ಟಿ ಬಿಡಬೇಕಾ?’ ಎಟ್ಟಿ ಬಿಡಬೇಕು ಅಂತ ಡಾಕ್ಟರ್ ಆಗಲೇ ಹೇಳಿಯಾಗಿತ್ತು. ಮಲ್ಪೆಯ ಹುಡುಗನಿಗೆ ಇದು ಸಣ್ಣ ಶಿಕ್ಷೆ ಅಲ್ಲ. ಒಣ ಎಟ್ಟಿ ಚಟ್ನಿಯೂ ಇಲ್ಲ, ಯಾಕೆಂದರೆ ಆ ಪ್ರೊಟೀನು ಒಣಗಿಸಿದರೂ ಬೇಯಿಸಿದರೂ ಹಾಳಾಗುವುದಿಲ್ಲ. ಬಂಗುಡೆ, ಬೂತಾಯಿಗೆ ಅವನಿಗೆ ತೊಂದರೆ ಇಲ್ಲ. ಮೀನಿನ ಅಲರ್ಜಿಯೇ ಬೇರೆ, ಸಿಗಡಿ-ಏಡಿಯ ಅಲರ್ಜಿಯೇ ಬೇರೆ. ಅದೊಂದೇ ಅವನಿಗೆ ಸಮಾಧಾನ.

ಇದಾದ ಮೇಲೆ ಸ್ಟಾಫ್ ಮೀಟಿಂಗಿನಲ್ಲಿ ಈ ವಿಷಯ ಬಂತು. ಐದನೇ ಕ್ಲಾಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಗೇರುಬೀಜ ಆಗುವುದಿಲ್ಲ ಅಂತ ಅವಳ ಅಮ್ಮ ಫಾರ್ಮಿನಲ್ಲಿ ಎರಡು ಸಲ ಗೆರೆ ಎಳೆದು ಬರೆದದ್ದೂ ಆಗಲೇ ನಮ್ಮ ಕಣ್ಣಿಗೆ ಬಿದ್ದದ್ದು. ಅಮ್ಮನನ್ನು ಕರೆಸಿದೆವು. ಅವರು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡೇ ಬಂದರು. ಡಾಕ್ಟರು ಬರೆದ ಚೀಟಿ, ಅಡ್ರಿನಲಿನ್ ಆಂಪೂಲು (ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ), ಒಂದು ಎಂಎಲ್ ಸಿರಿಂಜು, ತುರಿಕೆಗೆ ಕೊಡುವ ಸೆಟ್ರಿಜಿನ್ ಮಾತ್ರೆ ಎಲ್ಲ ಇತ್ತು. ‘ಇದನ್ನು ಎಲ್ಲಿಡ್ತೀರಿ?’ ಅಂತ ಕೇಳಿದರು. ಆಫೀಸಿನವರು ಹೆಮ್ಮೆಯಿಂದ ಗೋದ್ರೆಜ್ ಕಪಾಟು ತೋರಿಸಿದರು. ಬೀಗ ಉಂಟು, ಯಾರೂ ಮುಟ್ಟುವುದಿಲ್ಲ.

‘ಕೀ ಯಾರ ಹತ್ರ ಇರ್ತದೆ?’

ಕೀ ಕ್ಲಾರ್ಕಿನ ಹತ್ತಿರ. ಕ್ಲಾರ್ಕು ಆ ದಿನ ಶಿಕ್ಷಣ ಇಲಾಖೆಯ ಬಿಇಒ ಆಫೀಸಿಗೆ ಹೋಗಿದ್ದರು. ಬರುವುದು ಮಧ್ಯಾಹ್ನದ ಮೇಲೆ. ಆ ತಾಯಿ ಏನೂ ಹೇಳಲಿಲ್ಲ. ಫೈಲನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡರು, ಅಷ್ಟೆ.

ಔಷಧಿ ಮಗು ಇರುವಲ್ಲಿ ಇರಬೇಕು, ಬೀಗದ ಒಳಗೆ ಅಲ್ಲ. ಅಲರ್ಜಿ ವಿಷಯದಲ್ಲಿ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡಿ ಗೆಲ್ಲಬೇಕು ಅಂತ ಇರುವುದು ಇದೊಂದನ್ನೇ. ಈಗ ಆ ಹುಡುಗಿಯ ಔಷಧಿ ಒಂದು ಕೆಂಪು ಪೌಚಿನಲ್ಲಿ ಕ್ಲಾಸ್ ರೂಮಿನ ಬಾಗಿಲ ಹಿಂದಿನ ಮೊಳೆಯಲ್ಲಿ, ಸಣ್ಣ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ನೇತಾಡುತ್ತದೆ. ಕ್ಲಾಸು ಕಂಪ್ಯೂಟರ್ ಲ್ಯಾಬಿಗೆ ಹೋದರೆ ಟೀಚರ ಜೊತೆ ಪೌಚೂ ಹೋಗುತ್ತದೆ. ಮೈದಾನಕ್ಕೆ ಬಂದರೆ ನನ್ನ ಕುತ್ತಿಗೆಯಲ್ಲಿ ಸೀಟಿಯ ಜೊತೆ ಅದೂ ಇರುತ್ತದೆ. ಕಬಡ್ಡಿ ಹುಡುಗನದ್ದು ಇನ್ನೊಂದು. ಎರಡೂ ನೇತು ಹಾಕಿಕೊಂಡ ದಿನ ಉಳಿದವರು ‘ಏನು ಸರ್, ಕಂಡಕ್ಟರ್ ಆದ್ರಾ’ ಅಂತ ನಗುತ್ತಾರೆ. ನಗಲಿ. ಒಂದು ಎಚ್ಚರ ಮಾತ್ರ ಬೇಕು. ಆ ಔಷಧಿಗೆ ಬಿಸಿಲು, ಸೆಕೆ ಆಗುವುದಿಲ್ಲ. ಎಪ್ರಿಲ್ ತಿಂಗಳಲ್ಲಿ ಸ್ಕೂಲ್ ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಬರಬಾರದು. ಆಂಪೂಲಿನೊಳಗೆ ನೀರಿನ ಹಾಗೆ ತಿಳಿಯಾಗಿರಬೇಕು, ಬಣ್ಣ ಬಂದಿದ್ದರೆ ಬಿಸಾಡಬೇಕು. ತಾರೀಕು ನೋಡುವ ಕೆಲಸ ಅಮ್ಮನದ್ದೂ ಹೌದು, ನನ್ನದೂ ಹೌದು.

ವಿದೇಶದಲ್ಲಿ ಪೆನ್ನಿನಂಥದ್ದು ಸಿಗುತ್ತದೆ. ಮುಚ್ಚಳ ತೆಗೆದು ತೊಡೆಗೆ ಒತ್ತಿದರೆ ಆಯಿತು. ನಮ್ಮ ಮೆಡಿಕಲ್‌ಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ತರಿಸಿದರೂ ದುಬಾರಿ. ಆದ್ದರಿಂದ ನಮಗೆ ಗಾಜಿನ ಆಂಪೂಲೇ ಗತಿ. ಆರೋಗ್ಯ ಕೇಂದ್ರದ ಸಿಸ್ಟರ್ ಒಂದು ಶನಿವಾರ ಬಂದು ನಮಗೆಲ್ಲ ಕಲಿಸಿದರು. ಆಂಪೂಲಿನ ಕುತ್ತಿಗೆಯ ಚುಕ್ಕೆ ನಮ್ಮ ಕಡೆ ಬರಬೇಕು. ತುದಿಗೆ ಹತ್ತಿ ಸುತ್ತಿ ಆಚೆಗೆ ಮುರಿಯಬೇಕು. ಒಂದು ಎಂಎಲ್ಲಿನಲ್ಲಿ ಒಂದು ಮಿಲಿಗ್ರಾಂ ಔಷಧಿ ಇರುತ್ತದೆ. ಹುಡುಗಿಯ ತೂಕ ಇಪ್ಪತ್ತು ಕಿಲೋದ ಆಸುಪಾಸು, ಅವಳ ಚೀಟಿಯಲ್ಲಿ ಡಾಕ್ಟರು 0.2 ಎಂಎಲ್ ಅಂತ ಬರೆದಿದ್ದಾರೆ. ಅಂದರೆ ಆಂಪೂಲಿನ ಐದನೇ ಒಂದು ಪಾಲು. ಸಿರಿಂಜಿನಲ್ಲಿ ಆ ಗೆರೆ ಎಲ್ಲಿ ಅಂತ ಕನ್ನಡಕ ಹಾಕಿಕೊಂಡು ಹುಡುಕಿದೆವು. ಸಿಸ್ಟರ್ ಆ ಗೆರೆಯ ಮೇಲೆ ಕೆಂಪು ಮಾರ್ಕರಿನಿಂದ ಗುರುತು ಹಾಕಿ ಕೊಟ್ಟರು. ಮೂಸಂಬಿಗೆ ಚುಚ್ಚಿ ಅಭ್ಯಾಸ ಮಾಡಿದೆವು. ಗಾಜು ಮುರಿಯುವಾಗ ಹಿಂದಿ ಟೀಚರ ಕೈ ನಡುಗುತ್ತಿತ್ತು, ನನ್ನದೂ ನಡುಗುತ್ತಿತ್ತು. ಯೂನಿಫಾರ್ಮ್ ಬಟ್ಟೆಯ ಮೇಲಿಂದಲೇ ಚುಚ್ಚಬಹುದು, ಬಿಚ್ಚುತ್ತಾ ಕೂರಬೇಡಿ ಅಂದರು. ಚುಚ್ಚಿದ ಮೇಲೆ ಮಗುವನ್ನು ಎಬ್ಬಿಸಿ ನಡೆಸಬಾರದು. ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಉಸಿರಾಟಕ್ಕೆ ಕಷ್ಟ ಆದರೆ ಕೂರಿಸಬಹುದು. ಕಡಿಮೆ ಆಗದಿದ್ದರೆ ಐದರಿಂದ ಹದಿನೈದು ನಿಮಿಷದೊಳಗೆ ಇನ್ನೊಮ್ಮೆ ಕೊಡಬೇಕಾಗಬಹುದು, ಅದಕ್ಕೇ ಪೌಚಿನಲ್ಲಿ ಎರಡು ಆಂಪೂಲು.

‘ಸೆಟ್ರಿಜಿನ್ ಕೊಟ್ಟು ಸ್ವಲ್ಪ ಕಾಯಬಹುದಲ್ವಾ?’ ಅಂತ ಒಬ್ಬರು ಕೇಳಿದರು. ಸಿಸ್ಟರ್ ಹೇಳಿದ್ದು ಇದು: ತುರಿಕೆ ಮಾತ್ರ ಇದ್ದರೆ ಸೆಟ್ರಿಜಿನ್ ಸರಿ. ಉಸಿರಿಗೆ ತೊಂದರೆ, ಧ್ವನಿ ಬದಲು, ತಲೆಸುತ್ತು, ಅಥವಾ ಗಂಧೆಯ ಜೊತೆಗೆ ವಾಂತಿ ಮೇಲಿಂದ ಮೇಲೆ ಬಂದರೆ ಆ ಮಾತ್ರೆ ಅದನ್ನು ನಿಲ್ಲಿಸುವುದಿಲ್ಲ. ಆಗ ಮೊದಲು ಇಂಜೆಕ್ಷನ್, ಆಮೇಲೆ 108, ಆಮೇಲೆ ಮನೆಗೆ ಫೋನು. ನಮ್ಮಲ್ಲಿ ಯಾವಾಗಲೂ ಉಲ್ಟಾ ಆಗುತ್ತದೆ. ಮೊದಲು ಮನೆಗೆ ಫೋನು, ಅಪ್ಪ ಎತ್ತದಿದ್ದರೆ ಚಿಕ್ಕಪ್ಪನಿಗೆ ಫೋನು.

ಇಂಜೆಕ್ಷನ್ ನಮ್ಮಿಂದ ಆಗುವುದಿಲ್ಲ ಅಂತ ಕೆಲವು ಟೀಚರುಗಳು ಖಡಾಖಂಡಿತ ಹೇಳಿದರು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ? ಆ ಭಯ ಸುಳ್ಳಲ್ಲ. ಅದಕ್ಕೇ ಡಾಕ್ಟರ ಚೀಟಿಯ ಜೊತೆ ಅಪ್ಪ ಅಮ್ಮ ಇಬ್ಬರ ಸಹಿ ಇರುವ ಒಪ್ಪಿಗೆ ಪತ್ರವೂ ಪೌಚಿನಲ್ಲಿದೆ. ಚುಚ್ಚಲು ಒಪ್ಪಿದವರ ಹೆಸರು ಬೋರ್ಡಿನಲ್ಲಿದೆ. ಒಪ್ಪದವರಿಗೆ ಬೇರೆ ಕೆಲಸ ಉಂಟು: ಫೋನು ಮಾಡುವುದು, ಗೇಟು ತೆರೆಯುವುದು, ಉಳಿದ ಮಕ್ಕಳನ್ನು ದೂರ ಕೂರಿಸುವುದು. ಒತ್ತಾಯ ಮಾಡಿ ಯಾರ ಕೈಗೂ ಸಿರಿಂಜು ಕೊಡಬಾರದು ಎನ್ನುವುದು ನನ್ನ ಅಭಿಪ್ರಾಯ.

‘ಹೋದ ಸಲ ಬಾಯಿ ತುರಿಸಿದ್ದು ಮಾತ್ರ, ಇಷ್ಟೆಲ್ಲ ಬೇಕಾ?’ ಅನ್ನುವವರೂ ಇದ್ದಾರೆ. ಇದಕ್ಕೆ ಮಣಿಪಾಲದ ಡಾಕ್ಟರು ಹುಡುಗನ ಅಪ್ಪನಿಗೆ ಒಂದು ಕಥೆ ಹೇಳಿದ್ದರಂತೆ, ಅಪ್ಪ ನನಗೆ ಹೇಳಿದರು. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಶಾರ್ಲ್ ರಿಶೆ, ಪಾಲ್ ಪೋರ್ಟಿಯೆ ಎನ್ನುವ ಇಬ್ಬರು ಫ್ರಾನ್ಸಿನ ವಿಜ್ಞಾನಿಗಳು ಸಮುದ್ರದಲ್ಲಿರುವ ಅನೆಮೋನಿ ಎನ್ನುವ ಹೂವಿನಂಥ ಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದರು. ಮೊದಲ ಸಲ ಬದುಕಿ ಆರೋಗ್ಯವಾಗಿದ್ದ ನಾಯಿ, ಕೆಲವು ವಾರ ಬಿಟ್ಟು ತೀರಾ ಸ್ವಲ್ಪ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. 1902ರಲ್ಲಿ ಅವರು ಇದಕ್ಕೆ, ಅಂದರೆ ಇಂಥ ಜೀವಕ್ಕೇ ಅಪಾಯವಾಗುವ ರಿಯಾಕ್ಷನ್ನಿಗೆ, ಅನಾಫಿಲ್ಯಾಕ್ಸಿಸ್ ಅಂತ ಹೆಸರಿಟ್ಟರು, 1913ರಲ್ಲಿ ರಿಶೆಗೆ ನೊಬೆಲ್ ಬಂತು. ಹೋದ ಸಲ ಕಡಿಮೆ ಇತ್ತು ಅಂತ ಈ ಸಲವೂ ಕಡಿಮೆ ಇರುತ್ತದೆ ಅಂತ ಲೆಕ್ಕ ಹಾಕಬೇಡಿ ಅನ್ನುವುದಕ್ಕೆ ಹೇಳಿದ ಕಥೆ. ದೋಣಿಯವರಿಗೆ ಸಮುದ್ರದ ಕಥೆ ಬೇಗ ತಲೆಗೆ ಹೋಗುತ್ತದೆ.

ಇನ್ನು ಅಡುಗೆಮನೆ. ಬಿಸಿಯೂಟದ ಅನ್ನ-ಸಾಂಬಾರು ನಿಜವಾಗಿ ದೊಡ್ಡ ತಲೆನೋವಲ್ಲ. ಏನು ಹಾಕುತ್ತಾರೆ ಅಂತ ಗೊತ್ತಿರುತ್ತದೆ, ದಿನಾ ಅದೇ ಅಕ್ಕಂದಿರು ಮಾಡುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲು ಉಂಟು, ಈಗ ಅದರ ಜೊತೆ ರಾಗಿ ಮಾಲ್ಟ್, ಮೊಟ್ಟೆ ಅಥವಾ ಬಾಳೆಹಣ್ಣು. ಹಾಲು, ಮೊಟ್ಟೆ ಆಗದ ಮಕ್ಕಳಿದ್ದರೆ ಪಟ್ಟಿ ಅಡುಗೆಮನೆ ಗೋಡೆಯಲ್ಲಿದೆ. ಮೊಟ್ಟೆ ತಿನ್ನದವರಿಗೆ ಶೇಂಗಾ ಚಿಕ್ಕಿ ಕೊಡುತ್ತಿದ್ದ ಕಾಲವೂ ಇತ್ತು. ಒಂದನ್ನು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿ ಬೀಳುವುದು ಅಂದರೆ ಅದೇ.

ತೊಂದರೆ ಬರುವುದು ವಿಶೇಷದ ದಿನ. ಮಕ್ಕಳ ದಿನಾಚರಣೆಗೆ ಶಾಲೆಯಲ್ಲಿ ಪಾಯಸ. ತುಪ್ಪದಲ್ಲಿ ಹುರಿದ ಗೇರುಬೀಜ ಇಲ್ಲದೆ ಈ ಕಡೆ ಪಾಯಸ ಉಂಟಾ? ‘ಅವಳಿಗೆ ಬೀಜ ಹೆಕ್ಕಿ ತೆಗೆದು ಕೊಡುವಾ’ ಅಂತ ಯಾರೋ ಹೇಳಿದರು. ಹೆಕ್ಕಿದರೆ ಆಗುವುದಿಲ್ಲ, ಅದರ ಅಂಶ ತುಪ್ಪದಲ್ಲೇ ಇಳಿದಿರುತ್ತದೆ. ಇದಕ್ಕೆ ಉಪಾಯ ಮಾಡಿದ್ದು ನಾನಲ್ಲ, ಡಾಕ್ಟರೂ ಅಲ್ಲ, ಅಡುಗೆಯ ಹಿರಿಯಕ್ಕ. ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಇಳಿಸಿದ ಕೂಡಲೇ, ತುಪ್ಪದ ಬಾಣಲೆ ಒಲೆಗೆ ಇಡುವ ಮೊದಲೇ, ಒಂದು ಸ್ಟೀಲ್ ಡಬ್ಬಿಗೆ ಅವಳ ಪಾಲು ಹಾಕಿ ಮುಚ್ಚಳ ಬಿಗಿದು ಅಕ್ಕಿ ಡಬ್ಬದ ಮೇಲೆ ಇಟ್ಟುಬಿಟ್ಟರು. ಅದಕ್ಕೆ ಬೇರೆ ಸೌಟು. ಬಡಿಸುವಾಗಲೂ ಅವರೇ ಕೈ ತೊಳೆದು ಕೊಟ್ಟರು, ಬೇರೆಯವರ ಕೈಗೆ ಕೊಡಲಿಲ್ಲ. ಈಗ ಏನೇ ವಿಶೇಷ ಮಾಡಿದರೂ ಮೊದಲ ಸೌಟು ಆ ಡಬ್ಬಿಗೆ.

ಕೈ ತೊಳೆಯುವ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕೊರೋನಾದ ನಂತರ ಎಲ್ಲ ಕ್ಲಾಸಿನಲ್ಲೂ ಸ್ಯಾನಿಟೈಸರ್ ಬಾಟ್ಲಿ ಉಳಿದಿದೆ. ಅದು ರೋಗಾಣುವಿಗೆ ಸರಿ, ಕೈಗೆ ಅಂಟಿದ ಶೇಂಗಾ-ಗೇರುಬೀಜದ ಪ್ರೊಟೀನನ್ನು ಅದು ತೆಗೆಯುವುದಿಲ್ಲ. ಸೋಪು, ನೀರು ಬೇಕು. ಹುಡುಗಿಯ ಪಕ್ಕ ಕೂತು ಊಟ ಮಾಡುವ ಅವಳ ಗೆಳತಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವಳನ್ನು ಬೇರೆ ಬೆಂಚಿನಲ್ಲಿ ಕೂರಿಸಿ ಅಂತ ಒಂದು ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ, ಹೆಡ್‌ಮಿಸ್ಸೂ ಒಪ್ಪಲಿಲ್ಲ. ಶಾಲೆಗೇ ಗೇರುಬೀಜ ನಿಷೇಧ ಅಂತ ಬೋರ್ಡು ಹಾಕುವ ಯೋಚನೆಯೂ ಬಂತು. ಗೇರು ಬೆಳೆಯುವ, ಗೇರು ಫ್ಯಾಕ್ಟರಿಯಲ್ಲಿ ಅಮ್ಮಂದಿರು ದುಡಿಯುವ ಜಿಲ್ಲೆಯಲ್ಲಿ ಆ ಬೋರ್ಡಿಗೆ ಎಷ್ಟು ಬೆಲೆ? ಬೋರ್ಡು ಉಂಟಲ್ಲ ಅಂತ ನಾವೆಲ್ಲ ಆರಾಮಾಗಿ ಕೂರುತ್ತೇವೆ, ಅದೇ ಅಪಾಯ.

ಬರ್ತ್‌ಡೇ ಚಾಕೊಲೇಟಿನದ್ದು ಇನ್ನೊಂದು ರಾಮಾಯಣ. 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ತಿಂಡಿಯ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಶೇಂಗಾ, ಗೇರುಬೀಜದಂಥ ಬೀಜಗಳು, ಸೋಯಾ, ಗೋಧಿ ಇದ್ದರೆ ಬರೆಯಲೇಬೇಕು. ಆದರೆ ಬಿಡಿ ಚಾಕೊಲೇಟಿನ ಸಣ್ಣ ಕಾಗದದಲ್ಲಿ ಬರೆಯಲು ಜಾಗ ಎಲ್ಲಿ? ದೊಡ್ಡ ಪ್ಯಾಕೆಟನ್ನೇ ತನ್ನಿ, ಟೀಚರ್ ಓದಿ ಹಂಚುತ್ತಾರೆ ಅಂತ ಹೇಳಿದೆವು. ಮನೆಯಲ್ಲಿ ಮಾಡಿದ ಲಾಡು, ಬೇಕರಿ ಕೇಕು ಬಂದರೆ ಅವಳಿಗೆ ಅವಳ ಅಮ್ಮ ಇಟ್ಟುಹೋದ ಡಬ್ಬಿಯಿಂದ ಒಂದು. ಅಷ್ಟಮಿಗೆ ಎಳ್ಳುಂಡೆ, ಶಾರದಾ ಪೂಜೆಗೆ ಪಂಚಕಜ್ಜಾಯ ಬಂದಾಗ ಮಾತ್ರ ಕಷ್ಟ. ಪ್ರಸಾದ ಬೇಡ ಅನ್ನುವುದು ಹೇಗೆ? ಅವಳ ಪೌಚು ನೋಡಿ ಭಟ್ರೇ ಒಂದು ಬಾಳೆಹಣ್ಣು, ಒಂದು ಹೂ ಕೊಟ್ಟು ‘ಇದೂ ಪ್ರಸಾದವೇ ಮಗು’ ಅಂದರು. ನಾವು ಸುಮ್ನೆ ಹೆದರಿದ್ದೆವು.

ಇಷ್ಟೆಲ್ಲ ಆದಮೇಲೆ ಈಗ ಉಲ್ಟಾ ಸಮಸ್ಯೆ. ಎಲ್ಲವೂ ಅಲರ್ಜಿಯೇ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವ ಮಗುವಿಗೆ ಹೆಚ್ಚಾಗಿ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ, ಅಷ್ಟೆ. ಅದಕ್ಕೆ ಪೌಚು ಬೇಡ. ಮೇ ತಿಂಗಳಲ್ಲಿ ಹಸಿ ಗೇರುಬೀಜ ಸುಟ್ಟು ತಿಂದು ಬಾಯಿಯ ಸುತ್ತ ಬೊಕ್ಕೆ ಎದ್ದವರೂ ಬರುತ್ತಾರೆ. ಅದು ಸಿಪ್ಪೆಯ ಸೊನೆ ಸುಟ್ಟದ್ದು. ಬೀಜದ ಅಲರ್ಜಿಯಲ್ಲ. ಒಮ್ಮೆ ಟೂರಿನಲ್ಲಿ ಹೋಟೆಲಿನ ಬಂಗುಡೆ ಫ್ರೈ ತಿಂದ ಮಕ್ಕಳು ಒಟ್ಟೊಟ್ಟಿಗೆ ಮುಖ ಕೆಂಪಾಗಿ, ತಲೆನೋವು ಅಂತ ಕೂತರು. ಅಷ್ಟೂ ಮಕ್ಕಳಿಗೆ ಒಂದೇ ದಿನ ಅಲರ್ಜಿ ಬರುತ್ತದಾ? ಬಂಗುಡೆಯಂಥ ಮೀನಿಗೆ ಸರಿಯಾಗಿ ಐಸ್ ಹಾಕದಿದ್ದರೆ ಅದರಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ, ಎಷ್ಟು ಹುರಿದರೂ ಅದು ಹೋಗುವುದಿಲ್ಲ. ನೋಡಲು ಅಲರ್ಜಿಯ ಹಾಗೇ ಇರುತ್ತದೆ. ಇದನ್ನು ನನಗಿಂತ ಮೊದಲು ಹೇಳಿದ್ದು ಅಪ್ಪನ ಜೊತೆ ಬಂದರಿಗೆ ಹೋಗುವ ಒಬ್ಬ ಏಳನೇ ಕ್ಲಾಸಿನವನು: ‘ಮೀನು ಹಾಳಾದದ್ದು ಸರ್, ಅದರ ಕಣ್ಣು ನೋಡಿಯೇ ಹೇಳ್ತಿದ್ದೆ.’

ಕೆಲವರು ಲ್ಯಾಬಿನಿಂದ ಉದ್ದದ ರಿಪೋರ್ಟು ತರುತ್ತಾರೆ. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು ಎಲ್ಲದರ ಎದುರೂ ಪಾಸಿಟಿವ್. ಮಗು ದಿನಾ ಅದನ್ನೇ ತಿಂದು ಗುಂಡುಗುಂಡಾಗಿದೆ. ರಕ್ತ ಪರೀಕ್ಷೆಯಲ್ಲಿ ಬಂದ ಮಾತ್ರಕ್ಕೆ ಅಲರ್ಜಿ ಅಂತ ಹೇಳಲಾಗುವುದಿಲ್ಲ, ತಿಂದಾಗ ಏನಾಯಿತು ಎನ್ನುವುದೇ ಮುಖ್ಯ. ನಾನು ಡಾಕ್ಟರಲ್ಲ, ಜಗಳ ಆಡುವುದಿಲ್ಲ. ಡಾಕ್ಟರ ಸಹಿ ಇರುವ ಚೀಟಿ ತನ್ನಿ, ಅದರಲ್ಲಿ ಇದ್ದದ್ದನ್ನು ಮಾಡುತ್ತೇವೆ ಎನ್ನುತ್ತೇನೆ.

ಈಗ ನನ್ನ ಮಂಡೆಬಿಸಿ ಉಡುಪಿಯ ಅಜ್ಜರಕಾಡು ಮೈದಾನದ ಕ್ರೀಡಾಕೂಟದ್ದು. ಕಬಡ್ಡಿ ಹುಡುಗ ಟೀಮಿನಲ್ಲಿದ್ದಾನೆ, ಗೇರುಬೀಜದ ಹುಡುಗಿಯೂ ಓಟಕ್ಕೆ ಬರುತ್ತಾಳೆ. ಅಲ್ಲಿ ಊಟ ಪ್ಯಾಕೆಟಿನಲ್ಲಿ ಬರುತ್ತದೆ. ಓಟ ಮುಗಿಸಿದವರಿಗೆ ಗ್ಲುಕೋಸ್, ಜೊತೆಗೆ ಚಿಕ್ಕಿ. ಊಟದಲ್ಲಿ ಏನೇನು ಹಾಕುತ್ತೀರಿ ಅಂತ ಸಂಘಟಕರಿಗೆ ಫೋನಿನಲ್ಲಿ ಕೇಳಿದೆ. ‘ಪಲಾವು ಮಾಸ್ಟ್ರೆ, ಎಲ್ಲರೂ ತಿನ್ನುವಂಥದ್ದೇ’ ಎನ್ನುವ ಉತ್ತರ ಬಂತು. ಪಲಾವಿಗೆ ಗೇರುಬೀಜ ಹಾಕ್ತೀರಾ ಅಂದರೆ, ‘ಹಾಕದೆ ಇರ್ತೇವಾ, ಮಕ್ಕಳಿಗಲ್ವಾ’ ಅಂದರು. ಪಾಪ, ಅವರದ್ದು ಪ್ರೀತಿಯೇ. ಹುಡುಗಿಯ ಊಟ ಮನೆಯಿಂದ ಬರುತ್ತದೆ. ಹುಡುಗನ ಅಮ್ಮನಿಗೆ ಹಿಂದಿನ ರಾತ್ರಿಯೇ ಫೋನು ಮಾಡಿ ಬೆಳಗ್ಗಿನ ತಿಂಡಿ ಏನು ಅಂತ ಕೇಳಬೇಕು. ಮೈದಾನದ ಯಾವ ಗೇಟಿನಿಂದ ಆಂಬ್ಯುಲೆನ್ಸ್ ಒಳಗೆ ಬರುತ್ತದೆ, ಆ ಗೇಟಿನ ಕೀ ಯಾರ ಹತ್ತಿರ ಇರುತ್ತದೆ ಅಂತ ಕೇಳಿ ಒಂದು ಪತ್ರವನ್ನೂ ಬರೆದಿದ್ದೇನೆ.